‘ಏನೂ ಆಗಲ್ಲ ಬಿಡಿ’ ಅಂದರೆ ಗಂಟೆ ಬಾರಿಸುವ ಡೊರೆಲ್

ಬೆಳಗಿನ ಆರೂವರೆ. ದ್ವೀಪದ ಊರು ಬರ್ನಿಯ ಬಂದರಿನ ಕಡೆಯಿಂದ ಬೀಸುವ ಗಾಳಿಗೆ ಕಿಟಕಿಯ ಗಾಜು ಗಡಗಡ ಎನ್ನುತ್ತಿದೆ. ಮನೋಚಿಕಿತ್ಸಾ ಕೇಂದ್ರದ ಹಿಂದಿನ ಪುಟ್ಟ ಅಡುಗೆಕೋಣೆಯಲ್ಲಿ ಅರವತ್ಮೂರರ ಡೊರೆಲ್ ಪಾಸ್ಕೋ ಒಂದು ಸಿಹಿಗುಂಬಳಕ್ಕೆ ಉಣ್ಣೆಯ ಕುಲಾವಿ ತೊಡಿಸುತ್ತಿದ್ದಾರೆ. ಆಮೇಲೆ ಅದಕ್ಕೆ ಟವೆಲ್ ಸುತ್ತಿ, ಕೂಸುಗಳಿಗೆ ಊಟ ಮಾಡಿಸುವ ಎತ್ತರದ ಕುರ್ಚಿಯಲ್ಲಿ ಕೂರಿಸಿ, ಉರುಳದಂತೆ ಪಟ್ಟಿ ಬಿಗಿಯುತ್ತಾರೆ. ಮೇಜಿನ ಮೇಲೆ ಮೂರು ಸೇಬು, ಒಂದು ಉದ್ದನೆಯ ಚಾಕು, ಅಂಗಡಿಯ ಗಲ್ಲಾದ ಮೇಲೆ ಇಡುವಂಥ ಒಂದು ಗಂಟೆ.

“ಹೊಸಬರು ಇದನ್ನ ನೋಡಿ ರೋಗಿ ನಾನೇ ಅಂದ್ಕೋತಾರೆ. ಅಂದ್ಕೊಳ್ಲಿ ಬಿಡಿ. ಹನ್ನೊಂದು ವರ್ಷ ನಾನೂ ರೋಗಿನೇ ಆಗಿದ್ದೆ” ಎಂದು ನಗುತ್ತಾರೆ.

ಡೊರೆಲ್ ವೈದ್ಯೆಯಲ್ಲ, ಪದವಿ ಪಡೆದವರೂ ಅಲ್ಲ. ಊರಿನ ಬಸ್ಸು ಓಡಿಸಿದವರು. ವಾರಕ್ಕೆ ಎರಡು ಬೆಳಗು ಇಲ್ಲಿಗೆ ಬಂದು ರೋಗಿಯ ಪಾತ್ರ ಕಟ್ಟುತ್ತಾರೆ, ಎದುರಿಗೆ ಥೆರಪಿಸ್ಟರನ್ನು ಕೂರಿಸಿಕೊಂಡು ಅಭ್ಯಾಸ ಮಾಡಿಸುತ್ತಾರೆ. ಒಂಬತ್ತು ವರ್ಷಗಳಲ್ಲಿ ಅರವತ್ತನಾಲ್ಕು ಜನ ಇವರ ಕೈಯಲ್ಲಿ ಪಳಗಿದ್ದಾರೆ. ಬಸ್ಸಿನವಳ ಹತ್ತಿರ ಪಾಠವೇ ಎಂದು ಮೂಗು ಮುರಿದವರೂ ಆ ಲೆಕ್ಕದಲ್ಲಿದ್ದಾರೆ.

ಅವರು ಕಟ್ಟುವ ರೋಗಿಯ ಕಾಯಿಲೆ ಗೀಳಿನದು, ಓಸಿಡಿ ಎನ್ನುವುದು ಇದನ್ನೇ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನಮ್ಮಲ್ಲಿದೆಯಲ್ಲ, ಅದು ಕದ್ದವನ ಮಾತು. ಈ ಕಾಯಿಲೆಯವರು ಏನನ್ನೂ ಕದಿಯದೆ ದಿನಕ್ಕೆ ನೂರು ಸಲ ಹೆಗಲು ಮುಟ್ಟಿ ನೋಡಿಕೊಳ್ಳುವವರು. ಭಯದ ಎದುರಿಗೇ ನಿಂತು, ಹೆಗಲು ಮುಟ್ಟಿಕೊಳ್ಳದೆ ಇರುವುದನ್ನು ಅವರಿಗೆ ಕಲಿಸಬೇಕು. ಪುಸ್ತಕದಲ್ಲಿ ಇದು ಎರಡು ಪುಟದ ವಿಷಯ. ರೋಗಿ ಎದುರಿಗೆ ನಡುಗುತ್ತ ಕೂತಾಗ ಮಾತ್ರ ಓದಿದವರೂ ಪುಸ್ತಕ ಮರೆಯುತ್ತಾರೆ. ಕನಿಕರಪಟ್ಟು ‘ಏನೂ ಆಗಲ್ಲ ಬಿಡಿ’ ಎಂದುಬಿಡುತ್ತಾರೆ. ಈ ದ್ವೀಪದಲ್ಲಿ ದೋಣಿ ಮುಳುಗುತ್ತಿದ್ದರೂ ಬಾಯಿಗೆ ಬರುವುದು ಅದೇ ಮಾತು. ಗೀಳಿಗೆ ಆ ಮಾತು ತುರಿಕೆಗೆ ಕೆರೆತ ಇದ್ದ ಹಾಗೆ. ಆ ಕ್ಷಣಕ್ಕೆ ಹಿತ, ಮರುಕ್ಷಣ ಇನ್ನಷ್ಟು ಬೇಕು. ಹಾಗಾಗಿ ಯಾರ ಬಾಯಿಂದ ಆ ಮಾತು ಬಂದರೂ ಡೊರೆಲ್ ಗಂಟೆ ಬಾರಿಸುತ್ತಾರೆ. ನಲವತ್ತು ನಿಮಿಷದಲ್ಲಿ ಇಪ್ಪತ್ತೇಳು ಸಲ ಬಾರಿಸಿದ್ದು ಈವರೆಗಿನ ದಾಖಲೆ.

ಇವತ್ತು ಬಂದಿರುವವಳು ಬ್ರಿಯೋನಿ ಹ್ಯಾಡನ್. ಥೆರಪಿಸ್ಟ್ ಆಗಿ ಎರಡು ವರ್ಷ. ಕೋಟು ಬಿಚ್ಚುವ ಮೊದಲೇ ಚೀಲದಿಂದ ಒಂದು ಪತ್ರ ತೆಗೆದು ಮೇಜಿನ ಮೇಲಿಡುತ್ತಾಳೆ. ಆಕೆಯ ಬಳಿ ಬರುತ್ತಿರುವ ಒಬ್ಬ ತಾಯಿಗೆ ಏಳು ತಿಂಗಳ ಕೂಸಿದೆ. ಎಲ್ಲಿ ಮಗುವಿಗೆ ಚಾಕು ಹಾಕಿಬಿಡುತ್ತೇನೋ ಎಂಬ ಯೋಚನೆ ಆ ತಾಯಿಯನ್ನು ಬಿಡದು. ಮನೆಯ ಚಾಕುಗಳೆಲ್ಲ ಹಿತ್ತಿಲ ಶೆಡ್ಡಿಗೆ ಹೋಗಿ ಬೀಗ ಬಿದ್ದಿದೆ. ಆಕೆ ಅಡುಗೆಮನೆಗೆ ಕಾಲಿಟ್ಟು ಮೂರು ತಿಂಗಳಾಗಿದೆ, ಮಗುವಿಗೆ ತುತ್ತು ತಿನ್ನಿಸುವುದು ಗಂಡ. ತಪಾಸಣೆಗಳೆಲ್ಲ ಮುಗಿದಿವೆ. ಇದು ಗೀಳೇ, ಅಪಾಯವಲ್ಲ ಎಂದು ಹಿರಿಯ ವೈದ್ಯರು ಹೇಳಿದ್ದಾರೆ. ಗುರುವಾರ ಬ್ರಿಯೋನಿ ಆಕೆಯ ಮನೆಗೇ ಹೋಗಿ ಚಿಕಿತ್ಸೆ ಶುರು ಮಾಡಬೇಕು.

“ನನ್ ಕೈಲಾಗಲ್ಲ ಡೊರೆಲ್. ಅವರನ್ನ ಮೆಲ್ಬರ್ನಿನ ಆಸ್ಪತ್ರೆಗೆ ಕಳಿಸ್ತೀನಿ, ಪತ್ರ ಬರೆದಾಯ್ತು.”

“ಅಲ್ಲಿ ಸರದಿ ಎಷ್ಟಿದೆ?”

“ಹದಿನಾಲ್ಕು ತಿಂಗಳು.”

“ಅಷ್ಟರಲ್ಲಿ ಆ ಕೂಸು ನಡೆಯುತ್ತೆ, ಮಾತಾಡುತ್ತೆ. ಅಮ್ಮ ಯಾಕೆ ಅಡುಗೆಮನೆಗೆ ಬರಲ್ಲ ಅಂತಾನೂ ಕೇಳುತ್ತೆ ಕಣೇ.”

ಈ ಸಿಟ್ಟು ಎಲ್ಲಿಂದ ಬಂತು ಎಂಬುದಕ್ಕೆ ಡೊರೆಲ್ ಅವರದೇ ಕಥೆ ಇದೆ. ನಲವತ್ತರ ವಯಸ್ಸಿನಲ್ಲಿ ಒಂದು ದಿನ ವೃತ್ತದ ಬಳಿ ಬಸ್ಸು ಸಣ್ಣಗೆ ಕುಲುಕಿತು. ಯಾರಿಗಾದರೂ ಗುದ್ದಿದೆನಾ ಎಂದು ಮನಸ್ಸಿಗೆ ಬಂತು. ಬಸ್ಸು ತಿರುಗಿಸಿ ನೋಡಿದರೆ ರಸ್ತೆ ಖಾಲಿ. ಮರುದಿನ ಎರಡು ಸಲ ತಿರುಗಿಸಿದರು, ಆಮೇಲೆ ಏಳು ಸಲ. ಪ್ರಯಾಣಿಕರು ‘ಡೊರೆಲ್ ಬಸ್ಸು ಹತ್ತಿದರೆ ಒಂದೇ ಟಿಕೆಟ್ಟಿಗೆ ಏಳು ಪ್ರದಕ್ಷಿಣೆ’ ಎಂದು ಆಡಿಕೊಂಡರು. ಹತ್ತೊಂಬತ್ತು ವರ್ಷ ಮಾಡಿದ ಕೆಲಸದ ಬೀಗದ ಕೈಯನ್ನು ಅವರೇ ಡಿಪೋದಲ್ಲಿ ಒಪ್ಪಿಸಿ ಬಂದರು.

ಆಮೇಲೆ ಒಬ್ಬರಾದ ಮೇಲೊಬ್ಬರಂತೆ ನಾಲ್ವರು ಥೆರಪಿಸ್ಟರು. ಒಬ್ಬರು ಉಸಿರಾಟ ಹೇಳಿಕೊಟ್ಟರು, ಒಬ್ಬರು ಕಣ್ಣು ಮುಚ್ಚಿ ಕಡಲತೀರ ನೆನೆಯಿರಿ ಎಂದರು. “ಕಡಲು ನಮ್ಮನೆ ಹಿತ್ತಲಲ್ಲೇ ಇದೆ, ಅದನ್ನೇನು ನೆನೆಯೋದು!” ಮೂರನೆಯವರು ವಾರಾವಾರ ‘ಏನೂ ಆಗಲ್ಲ ಬಿಡಿ’ ಎಂದರು. ನಾಲ್ಕನೆಯವರು ಹೆದರಿ ಬೇರೆಯವರ ಹತ್ತಿರ ಸಾಗಹಾಕಿದರು. ಹೀಗೆ ಹನ್ನೊಂದು ವರ್ಷ ಕಳೆಯಿತು. ಐದನೆಯವರು ಲೆಸ್ ಬ್ರೂಮ್‌ಹಾಲ್ ಎಂಬ ಮುದುಕ. ಅವರು ಡೊರೆಲ್ ಕೈಗೆ ಕಾರಿನ ಸ್ಟೀರಿಂಗ್ ಕೊಟ್ಟು, ಪಕ್ಕದ ಸೀಟಿನಲ್ಲಿ ಕೂತು ಪೈ ಎಂಬ ಮಾಂಸದ ಕಡುಬು ತಿನ್ನುತ್ತಿದ್ದರು.

“ವೃತ್ತ ದಾಟಿದ ತಕ್ಷಣ ನಾನು ‘ಗುದ್ದಿದ್ನಾ?’ ಅಂದೆ. ಅವರು ಮೀಸೆ ಮೇಲಿನ ಸಾಸ್ ಒರೆಸ್ಕೊಂಡು ‘ಗುದ್ದಿರಬಹುದಮ್ಮಾ, ಮುಂದೆ ಹೋಗು’ ಅಂದ್ರು. ಅಲ್ಲೇ ಕತ್ತು ಹಿಸುಕೋಣ ಅನ್ನಿಸ್ತು. ಆದ್ರೆ ಮುಂದೆ ಹೋದೆ. ಯೋಚನೆ ಈಗಲೂ ಬರುತ್ತೆ. ಬರ್ಲಿ, ನಾನು ನಿಲ್ಲಿಸಲ್ಲ.” ನಿವೃತ್ತರಾಗುವಾಗ ಲೆಸ್ ಅವರೇ ಡೊರೆಲ್ ಅವರನ್ನು ಇಲ್ಲಿಗೆ ಕರೆತಂದದ್ದು.

ಅಭ್ಯಾಸ ಶುರುವಾಗುತ್ತದೆ. ಡೊರೆಲ್ ಈಗ ಆ ತಾಯಿ. ಸೇಬಿನ ಮೇಲೆ ಚಾಕು ಇಟ್ಟು, ಕುಂಬಳಕಾಯಿಯತ್ತ ನೋಡಿ, “ನಾನು ಇವನಿಗೆ ಚುಚ್ಚಿಬಿಟ್ರೆ?” ಎನ್ನುವಾಗ ಅವರ ದನಿ ನಿಜಕ್ಕೂ ಒಡೆಯುತ್ತದೆ. ಬ್ರಿಯೋನಿ ಕರಗುತ್ತಾಳೆ, ಗಂಟೆ ಬೀಳುತ್ತದೆ. ಏಳೂಕಾಲರ ಹೊತ್ತಿಗೆ ಹನ್ನೊಂದು ಸಲ ಬಾರಿಸಿಯಾಗಿದೆ. ಕೊನೆಗೂ ಬ್ರಿಯೋನಿ ಬಾಯಿ ಬಿಗಿಹಿಡಿದು ಸುಮ್ಮನಿರುವುದನ್ನು ಕಲಿತಳು ಅನ್ನುವಾಗಲೇ ಡೊರೆಲ್ ಚಾಕುವನ್ನು ಮೇಜಿನ ಮೇಲಿಟ್ಟು ಮೂಗು ಒರೆಸಿಕೊಳ್ಳುತ್ತಾರೆ. ಬ್ರಿಯೋನಿಯ ಬೆರಳು ಚಾಕುವನ್ನು ಕುಂಬಳಕಾಯಿಯಿಂದ ನಾಲ್ಕು ಅಂಗುಲ ಆಚೆ ಸರಿಸುತ್ತದೆ.

ಡೊರೆಲ್ ಗಂಟೆ ಮುಟ್ಟುವುದಿಲ್ಲ. “ಈಗೇನು ಮಾಡ್ದೆ?” ಎಂದು ಮೆಲ್ಲಗೆ ಕೇಳುತ್ತಾರೆ.

ತಾನು ಸರಿಸಿದ್ದು ಬ್ರಿಯೋನಿಗೇ ಗೊತ್ತಾಗಿಲ್ಲ. ಗೊತ್ತಾದಾಗ ಮುಖ ಕೆಂಪಾಗುತ್ತದೆ.

“ನಿನ್ ಬಾಯಿ ಪಾಠ ಕಲೀತು, ಕೈ ಕಲೀಲಿಲ್ಲ. ಆ ತಾಯಿ ಕಣ್ಣಿಗೆ ಮೊದಲು ಬೀಳೋದು ನಿನ್ ಕೈ. ‘ಓದಿದವಳೇ ಚಾಕು ದೂರ ಇಡ್ತಾಳೆ ಅಂದ್ರೆ ನಾನು ರಾಕ್ಷಸಿನೇ ಸೈ’ ಅಂದ್ಕೋತಾಳೆ.”

“ಎಲ್ಲಾ ಗೊತ್ತು ಡೊರೆಲ್. ಆದ್ರೂ... ಲಕ್ಷದಲ್ಲಿ ಒಂದು ಸಲ ಏನಾದ್ರೂ ಆಗ್ಬಿಟ್ರೆ?” ಬ್ರಿಯೋನಿಯ ಕಣ್ಣಲ್ಲಿ ನೀರು.

“ಕೇಳಿಸ್ಕೊಂಡ್ಯಾ ನೀನು ಅಂದಿದ್ದು? ಅದು ಆ ತಾಯಿ ಪ್ರಶ್ನೆ ಮಗಳೇ, ಅಕ್ಷರ ಅಕ್ಷರ ಅದೇ.”

ಆಮೇಲೆ ಡೊರೆಲ್ ಎದ್ದು ಚಾಕುವನ್ನು ಬ್ರಿಯೋನಿಯ ಕೈಗೆ ಕೊಟ್ಟು ಕುರ್ಚಿ ಬದಲಾಯಿಸುತ್ತಾರೆ. ಈಗ ಬ್ರಿಯೋನಿಯೇ ತಾಯಿಯಾಗಬೇಕು. ಕೂಸಿನ ಪಕ್ಕದಲ್ಲೇ ನಿಂತು, ಆ ಭಯಂಕರ ಯೋಚನೆಯನ್ನು ಬಾಯಿಬಿಟ್ಟು ಹೇಳುತ್ತ ಸೇಬು ಕತ್ತರಿಸಬೇಕು. ಮೊದಲ ಸೇಬು ಜಜ್ಜಿ ಹೋಗುತ್ತದೆ. ಮೂರನೆಯದರ ಹೊತ್ತಿಗೆ ಹೋಳುಗಳು ಒಂದೇ ಸಮ ಬರುತ್ತವೆ. ಎಂಟು ಗಂಟೆಗೆ ಇಬ್ಬರೂ ಟೀ ಕುಡಿಯುತ್ತ ಆ ಹೋಳುಗಳನ್ನೇ ತಿನ್ನುತ್ತಾರೆ. ಪತ್ರ ಮತ್ತೆ ಬ್ರಿಯೋನಿಯ ಚೀಲ ಸೇರುತ್ತದೆ. ಕಳಿಸುತ್ತಾಳೋ ಇಲ್ಲವೋ ಡೊರೆಲ್ ಕೇಳುವುದಿಲ್ಲ.

ಗುರುವಾರ ಇಡೀ ದಿನ ಡೊರೆಲ್ ತಮ್ಮ ಮನೆಯ ಬೇಲಿಗೆ ಬಣ್ಣ ಬಳಿಯುತ್ತಾರೆ. ಬೇಲಿಗೆ ಬಣ್ಣ ಬೇಕಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ರಿಯೋನಿ ಓಡುತ್ತಲೇ ಒಳಗೆ ಬರುತ್ತಾಳೆ. ಹೆಸರು, ವಿಳಾಸ ಬಿಟ್ಟು ಹೇಳಬಹುದಾದಷ್ಟನ್ನು ಹೇಳುತ್ತಾಳೆ. ಗಂಡ ಶೆಡ್ಡಿನಿಂದ ಒಂದು ಚಾಕು ತಂದುಕೊಟ್ಟ. ಪಕ್ಕದಲ್ಲಿ ಕೂಸು. ಒಂದು ಸೇಬಿಗೆ ಐವತ್ತು ನಿಮಿಷ ಹಿಡಿಯಿತು.

“ಅರ್ಧಕ್ಕೆ ನಿಲ್ಲಿಸಿ ‘ನಾನು ಚುಚ್ಚಲ್ಲ ಅಲ್ವಾ?’ ಅಂತ ಕೇಳಿದ್ರು.”

“ನೀನೇನಂದೆ?”

“‘ಗೊತ್ತಿಲ್ಲ, ಕತ್ತರಿಸ್ತಾ ಇರಿ’ ಅಂದೆ.”

“ಕೈ ಎಲ್ಲಿತ್ತು?”

“ತೊಡೆ ಮೇಲೆ. ಬೆವೆತು ನೀರಾಗಿತ್ತು, ಆದ್ರೆ ಅಲ್ಲೇ ಇತ್ತು. ಮುಂದಿನ ಗುರುವಾರಾನೂ ಬನ್ನಿ ಅಂದ್ರು ಡೊರೆಲ್. ಅವರೇ ಅಂದ್ರು. ಪತ್ರ ಹರಿದು ಹಾಕ್ದೆ.”

ಡೊರೆಲ್ ಆಕೆಯ ಕೆನ್ನೆಯನ್ನೊಮ್ಮೆ ತಟ್ಟಿ ಕೆಟಲ್ ಹಚ್ಚಲು ತಿರುಗುತ್ತಾರೆ. “ಓದಿದವರ ಬಾಯಲ್ಲಿ ‘ಗೊತ್ತಿಲ್ಲ’ ಬರಿಸೋದು ಹಲ್ಲು ಕಿತ್ತಷ್ಟು ಕಷ್ಟ. ಅರವತ್ತನಾಲ್ಕು ಹಲ್ಲು ಕಿತ್ತಿದ್ದೆ, ಇದು ಅರವತ್ತೈದು” ಎನ್ನುವಾಗ ದನಿಯಲ್ಲಿ ಹೆಮ್ಮೆ ಇರುವುದು ನಿಜ.

ಆ ತಾಯಿಯನ್ನು ಅವರು ಎಂದೂ ನೋಡುವುದಿಲ್ಲ. ದಾರಿಯಲ್ಲಿ ಎದುರಾದರೂ ಗುರುತು ಸಿಗದು. ಆಕೆಯ ಬಗ್ಗೆ ನಿಮಗೇನಾದರೂ ಆಸೆ ಇದೆಯೇ ಎಂದರೆ ಡೊರೆಲ್ ಹೇಳುವುದು ಇಷ್ಟು:

“ಆ ಕೂಸು ಅಮ್ಮ ಕತ್ತರಿಸಿಕೊಟ್ಟ ಸೇಬನ್ನ ಅಗಿದು ನೆಲದ ಮೇಲೆಲ್ಲ ಉಗೀಬೇಕು. ಆಗ ಅವಳಿಗೆ ‘ಅಯ್ಯೋ, ಈಗ ನೆಲ ಒರೆಸ್ಬೇಕಲ್ಲಾ’ ಅನ್ನೋದು ಬಿಟ್ರೆ ಬೇರೆ ಚಿಂತೆ ಇರಬಾರದು.”