ಎರಡು ಪಿನ್ನಿಗೆ ಗ್ಯಾಸು, ಮೂರು ಪಿನ್ನಿಗೆ ಬಿಯರು

ಬೆಳಗಿನ ಆರೂವರೆ. ಒತೀಲಿಯಾ ಕುರ್ರುಮಿಲ್ ತಲೆವಸ್ತ್ರವನ್ನು ಬಿಚ್ಚಿ ಕಣ್ಣಿಗೆ ಬಿಗಿಯಾಗಿ ಕಟ್ಟಿಕೊಂಡು ಷೆಡ್ಡಿನ ಬೆಂಚಿನ ಮುಂದೆ ನಿಂತಿದ್ದಾರೆ. ಒಲೆಯ ಸೌದೆ ಈಗಷ್ಟೇ ಹತ್ತಿಕೊಂಡಿದೆ. ಮಾಟೆ ಎಲೆಯ ಕಷಾಯಕ್ಕೆ ಇಟ್ಟ ನೀರು ಸಣ್ಣಗೆ ಸದ್ದು ಮಾಡುತ್ತಿದೆ. ಗುರುತಿಲ್ಲದವರು ಯಾರಾದರೂ ಬಾಗಿಲಲ್ಲಿ ಇಣುಕಿದರೆ ಈ ಅಜ್ಜಿಗೆ ತಲೆ ಕೆಟ್ಟಿದೆ ಎಂದುಕೊಂಡು ಹಾಗೇ ಹಿಂದಕ್ಕೆ ಹೋದಾರು.

ಬೆಂಚಿನ ಮೇಲೆ ಹತ್ತೊಂಬತ್ತು ಲೀಟರಿನ ಸ್ಟೀಲ್ ಪೀಪಾಯಿ. ಅದರ ನೆತ್ತಿಯ ಮೇಲೆ ಎರಡು ಗಿಡ್ಡ ಮೂತಿಗಳು. ಒಂದರಿಂದ ಗ್ಯಾಸು ಒಳಗೆ ಹೋಗಬೇಕು, ಇನ್ನೊಂದರಿಂದ ಬಿಯರು ಹೊರಗೆ ಬರಬೇಕು. ಎರಡಕ್ಕೂ ಪೈಪಿನ ತುದಿಯಲ್ಲಿ ಒಂದೊಂದು ಪ್ಲಾಸ್ಟಿಕ್ ಟೋಪಿ. ಒತೀಲಿಯಾ ಬೆರಳಲ್ಲಿ ತಡವುತ್ತಾರೆ, ಒತ್ತಿ ತಿರುಗಿಸುತ್ತಾರೆ, ಕಳಚುತ್ತಾರೆ, "ಹದಿನೇಳು" ಅನ್ನುತ್ತಾರೆ. ಹದಿನೆಂಟನೆಯ ಸಲ ಬೇಕೆಂದೇ ಗ್ಯಾಸಿನ ಟೋಪಿಯನ್ನು ಬಿಯರಿನ ಮೂತಿಗೆ ಇಟ್ಟು ಮೈಭಾರವೆಲ್ಲ ಹಾಕಿ ಒತ್ತುತ್ತಾರೆ. ಅದು ಜಪ್ಪಯ್ಯ ಎನ್ನುವುದಿಲ್ಲ.

"ಕೂರಲ್ಲ ಅಂದ್ರೆ ಕೂರಲ್ಲ. ಶಹಬ್ಬಾಸ್!" ಎಂದು ಪೀಪಾಯಿಯ ಬೆನ್ನು ತಟ್ಟುತ್ತಾರೆ.

ಎಲ್ ಬೋಲ್ಸೋನ್ ಕಣಿವೆಯಲ್ಲಿ ಮನೆಯಲ್ಲೇ ಬಿಯರ್ ಮಾಡದ ಬೀದಿ ಹುಡುಕಬೇಕು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಬಳ್ಳಿ ಹಿತ್ತಲಲ್ಲೇ ಹಬ್ಬಿರುತ್ತದೆ. ಕೊಯ್ಲು ಮುಗಿದ ಈ ಮಾರ್ಚಿನಲ್ಲಂತೂ ಊರೆಲ್ಲ ಅದೇ ಕಹಿ ವಾಸನೆ. ಬಿಯರ್ ಮಾಡಿದವರ ಹೆಸರು ಎಲ್ಲರ ಬಾಯಲ್ಲೂ ಇರುತ್ತದೆ, ಬಹುಮಾನದ ಫಲಕಗಳು ಗೋಡೆ ತುಂಬ ಇರುತ್ತವೆ. ಆ ಬಿಯರು ಸೋರದಂತೆ, ಹುಳಿಯಾಗದಂತೆ, ಗ್ಯಾಸು ಬಿಡದಂತೆ ಕಾಯುವ ಪೀಪಾಯಿಗಳನ್ನು ರಿಪೇರಿ ಮಾಡುವವರು ಯಾರು ಎಂದು ಕೇಳಿ ನೋಡಿ. "ಅದೇ, ಸೇತುವೆ ಹತ್ತಿರ ಒಬ್ಬ ಹೆಂಗಸಿದ್ದಾಳಲ್ಲ" ಅನ್ನುತ್ತಾರೆ. ಹೆಸರು ಗೊತ್ತಿರುವುದಿಲ್ಲ, ನಾಚಿಕೆಗೇಡು!

ಒತೀಲಿಯಾಗೆ ಈಗ ಅರವತ್ತೆಂಟು. ಇಪ್ಪತ್ತನಾಲ್ಕನೆಯ ವಯಸ್ಸಿಗೆ ಎಸ್ಕೆಲ್ ಊರಿನ ತಂಪುಪಾನೀಯದ ಡಿಪೋ ಸೇರಿದ್ದು, ಹೋಟೆಲುಗಳಿಂದ ವಾಪಸ್ ಬಂದ ಪೀಪಾಯಿಗಳ ವಾಷರ್ ಬದಲಿಸುವ ಕೆಲಸಕ್ಕೆ. ಆರು ಜನ ಗಂಡಸರ ನಡುವೆ ಒಬ್ಬರೇ ಹೆಂಗಸು. "ವಾರದೊಳಗೆ ಓಡಿಹೋಗ್ತಾಳೆ ಅಂತ ಪಂದ್ಯ ಕಟ್ಟಿದ್ರು. ಇಪ್ಪತ್ತೆರಡು ವರ್ಷ ಆದ್ಮೇಲೆ ಓಡಿಹೋಗಿದ್ದು ಆ ಪೀಪಾಯಿಗಳು, ನಾನಲ್ಲ" ಎಂದು ನಗುತ್ತಾರೆ. ಪಾನೀಯ ಡಬ್ಬದೊಳಗಿನ ಚೀಲದಲ್ಲಿ ಬರತೊಡಗಿದಾಗ ಡಿಪೋದವರು ಪೀಪಾಯಿಗಳನ್ನು ಗುಜರಿಗೆ ಹಾಕಿದರು. ಒತೀಲಿಯಾ ಲಾರಿ ಮಾಡಿಕೊಂಡು ಹೋಗಿ ಎಂಬತ್ತನ್ನು ಮನೆಗೆ ತಂದರು. ಅಲ್ಲಿಂದ ಈ ಷೆಡ್ಡು.

ದಿನಕ್ಕೆ ಏಳು ಪೀಪಾಯಿ. ಒಂದೊಂದಕ್ಕೆ ಐದು ರಬ್ಬರ್ ವಾಷರ್: ಮುಚ್ಚಳಕ್ಕೆ ದೊಡ್ಡದು, ಮೂತಿಗಳಿಗೆ ಎರಡು, ಒಳಗಿನ ಕೊಳವೆಗಳಿಗೆ ಎರಡು. ಎಲ್ಲ ಬಿಚ್ಚಿ, ಕುದಿನೀರಲ್ಲಿ ತೊಳೆದು, ಮತ್ತೆ ಜೋಡಿಸಿ, ಸಾಬೂನು ನೊರೆ ಹಚ್ಚಿ ಗುಳ್ಳೆ ಏಳುತ್ತದೆಯೇ ನೋಡುತ್ತಾರೆ. ಆಮೇಲೆ ಪೀಪಾಯಿಗೆ ಕಿವಿ ಇಡುತ್ತಾರೆ. ನೊರೆಗೆ ಸಿಗದ ಸೋರಿಕೆ ಅವರ ಕಿವಿಗೆ ಸಿಗುತ್ತದೆ. ಮನೆಬಿಯರ್ ಸಂಘದ ಕಾರ್ಯದರ್ಶಿ ದಾರ್ಡೊ ಒಮ್ಮೆ ಪರೀಕ್ಷೆ ಮಾಡಲೆಂದೇ ಬಿಚ್ಚಿದ ಮೂತಿಯೊಂದನ್ನು ತಂದುಕೊಟ್ಟನಂತೆ. ಒತೀಲಿಯಾ ನೋಡಲೂ ಇಲ್ಲ. ಥ್ರೆಡ್ಡಿನ ಮೇಲೆ ಉಗುರು ಎಳೆದು, "ಇದು ನಿನ್ನ ಪೀಪಾಯಿದಲ್ಲ. ಹಾಕಿ ಬಿಗಿದ್ಯೋ, ಎರಡೂ ಹಾಳು" ಅಂದರು. ದಾರ್ಡೊ ಈಗಲೂ ಆ ಕತೆ ಹೇಳುವಾಗ ಕಣ್ಣರಳಿಸುತ್ತಾನೆ.

ಹೊಸದಾಗಿ ಬಿಯರ್ ಮಾಡಲು ಹೊರಟವರೆಲ್ಲ ಬಂದು ಕೇಳುವುದು ಒಂದೇ ಪ್ರಶ್ನೆ. ಬಾಲ್ ಫಿಟ್ಟಿಂಗಾ, ಪಿನ್ ಫಿಟ್ಟಿಂಗಾ? ಪಿನ್ನಿನದು ಗಿಡ್ಡ, ದಪ್ಪ ಪೀಪಾಯಿ. ಅದರ ಮೂತಿಗಳಲ್ಲಿ ಪಕ್ಕಕ್ಕೆ ಚಾಚಿದ ಮೊಳೆಗಳಿರುತ್ತವೆ. ಬಾಲಿನದು ಉದ್ದ, ಸಪೂರ. ಅದರ ಮೂತಿಗಳು ನುಣುಪು, ಟೋಪಿಯೊಳಗಿನ ಸಣ್ಣ ಗುಂಡುಗಳು ಅವನ್ನು ಕಚ್ಚಿಕೊಳ್ಳುತ್ತವೆ. ಒತೀಲಿಯಾ ಡಿಪೋ ಕಾಲದಿಂದಲೂ ಪಿನ್ನಿನವರು. ಆದರೂ ಅವರ ಉತ್ತರ ನೇರ.

"ಬಾಲ್ ತಗೋಪ್ಪ. ಅದರ ಸಾಮಾನು ಎಲ್ಲಿ ಬೇಕಾದ್ರೂ ಸಿಗುತ್ತೆ. ಮುಚ್ಚಳದಲ್ಲಿ ಉಂಗುರ ಇರುತ್ತೆ, ಎಳೆದ್ರೆ ಒಳಗಿನ ಗ್ಯಾಸು ಬಿಡುತ್ತೆ. ಪಿನ್ನಿಂದು ಬೇಕಂದ್ರೆ ಬ್ಯೂನಸ್ ಐರಿಸ್‌ಗೆ ಹೇಳಿ ಕಾಯ್ಕೊಂಡು ಕೂತಿರು. ಅಷ್ಟರಲ್ಲಿ ನಿನ್ನ ಬಿಯರಿಂದ ಉಪ್ಪಿನಕಾಯಿ ಹಾಕ್ಬೋದು."

ಹೀಗೆ ಊರಿಗೆಲ್ಲ ಬಾಲ್ ಹೇಳುವವರು ಇವತ್ತು ಕಣ್ಣು ಕಟ್ಟಿಕೊಂಡು ಪಿನ್ನಿನ ಮುಂದೆ ನಿಂತಿರುವುದು ರೋಕೆ ಬಾಸ್ಕುನ್ಯಾನ್‌ಗಾಗಿ.

ಬಾರಿಲೋಚೆ ಊರಿಗೆ ಹೋಗುವ ಬಸ್ಸನ್ನು ಮೂವತ್ತೊಂದು ವರ್ಷ ಓಡಿಸಿದ ರೋಕೆ ಒತೀಲಿಯಾರ ಮೊದಲ ಗಿರಾಕಿ. ರೋಕೆಯ ಕಪ್ಪು ಬಿಯರಿಗೆ ಈ ಕಣಿವೆಯಲ್ಲಿ ಜೋಡಿ ಇಲ್ಲ. ಗ್ಲಾಕೋಮಾ ಮೂರು ವರ್ಷದಲ್ಲಿ ಎರಡೂ ಕಣ್ಣು ತಿಂದುಹಾಕಿತು. ಆದರೂ ಬಿಯರ್ ಬಿಡಲಿಲ್ಲ. ಅಳತೆ, ಕುದಿ, ಹುದುಗು ಎಲ್ಲ ಮೂಗಿನಲ್ಲೂ ಕೈಯಲ್ಲೂ ನಡೆಯುತ್ತಿತ್ತು. ಕಳೆದ ವರ್ಷ ತಮ್ಮ ಹುಟ್ಟುಹಬ್ಬದ ದಿನ, ಅಂಗಳ ತುಂಬ ನೆಂಟರಿರುವಾಗ, ಗ್ಯಾಸಿನ ಟೋಪಿಯನ್ನು ಬಿಯರಿನ ಮೂತಿಗೆ ಒತ್ತಿಬಿಟ್ಟರು. ಬಾಲ್ ಫಿಟ್ಟಿಂಗಿನ ಎರಡು ಮೂತಿಗಳು ಅವಳಿಗಳಿದ್ದಂತೆ. ಕಣ್ಣಿದ್ದವರೂ ಎಡವುತ್ತಾರೆ. ಜೋರು ಮಾಡಿದರೆ ಟೋಪಿ ಕೂತೂ ಬಿಡುತ್ತದೆ, ಆಮೇಲೆ ಏನು ಮಾಡಿದರೂ ಏಳುವುದಿಲ್ಲ. ರೋಕೆ ಎಳೆದಾಡಿ ಬೆರಳು ಕೊಯ್ದುಕೊಂಡರು. ದಾರ್ಡೊ ಸ್ಪ್ಯಾನರ್ ತಂದು ಬಿಡಿಸಿದ, ಲೋಟ ತುಂಬಿಸಿ ಅವರ ಕೈಗೆ ಕೊಟ್ಟ. ರೋಕೆ ಅದನ್ನು ಕುಡಿಯದೆ ಮೇಜಿನ ಮೇಲಿಟ್ಟರು. ಅವತ್ತಿನಿಂದ ಅವರ ಮನೆಯಲ್ಲಿ ತಿಂಗಳುಗಟ್ಟಲೆ ಬಿಯರಿನ ಒಲೆ ಹೊತ್ತಲಿಲ್ಲ.

"ನನ್ನ ಮನೇಲಿ, ನಾನು ಮಾಡಿದ ಬಿಯರು, ನನಗೇ ಇನ್ನೊಬ್ರು ಹಾಕಿಕೊಡ್ಬೇಕಾ? ಬೇಡ ಬಿಡು, ಒತೀಲಿಯಾ" ಅಂದಿದ್ದರಂತೆ.

ಆ ಮಾತು ಒತೀಲಿಯಾಗೆ ಮುಳ್ಳಿನಂತೆ ಚುಚ್ಚಿತು. ಆ ಬಾಲ್ ಪೀಪಾಯಿಗಳನ್ನು ರೋಕೆಗೆ ಕೊಡಿಸಿದ್ದು ಅವರೇ. "ಸಾಮಾನು ಸಿಗುತ್ತೆ ಅಂತ ನೋಡಿದೆ, ಮನುಷ್ಯನ್ನ ನೋಡ್ಲಿಲ್ಲ. ನಂದೇ ತಪ್ಪು" ಎನ್ನುತ್ತಾರೆ. ಒಂದು ಮೂತಿಗೆ ದಾರ ಕಟ್ಟಿ ಗುರುತು ಮಾಡಿ ಎಂದು ದಾರ್ಡೊ ಹೇಳಿದ. ಕಟ್ಟಿದರು. ತೊಳೆಯುವಾಗ ಬಿಚ್ಚಿಹೋಯಿತು. ಕಣ್ಣು ಕಟ್ಟಿಕೊಂಡು ಬಾಲಿನ ಟೋಪಿಗಳನ್ನು ತಾವೇ ಇಪ್ಪತ್ತು ಸಲ ಹಾಕಿ ನೋಡಿದರು. ಆರು ಸಲ ತಪ್ಪಿತು. ನಲವತ್ತನಾಲ್ಕು ವರ್ಷ ಪಳಗಿದ ಕೈ!

ಪಿನ್ನಿನಲ್ಲಿ ಗ್ಯಾಸಿನ ಮೂತಿಗೆ ಎರಡು ಮೊಳೆ, ಬಿಯರಿನ ಮೂತಿಗೆ ಮೂರು. ಬೆರಳಿಗೆ ಎಣಿಸಲು ಬಂದರೆ ಸಾಕು. ಎಣಿಕೆ ತಪ್ಪಿದರೂ ಟೋಪಿ ಕೂರುವುದೇ ಇಲ್ಲ.

ಆದರೆ ರೋಕೆಯ ಪೀಪಾಯಿಗಳಿಗೆ ಪಿನ್ನಿನ ಮೂತಿ ಹಾಕಲು ಥ್ರೆಡ್ಡು ಹೊಂದುವುದಿಲ್ಲ. ಪೀಪಾಯಿಯೇ ಬದಲಾಗಬೇಕು. ಡಿಪೋದಿಂದ ತಂದ ಆ ಎಂಬತ್ತರಲ್ಲಿ ಪಿನ್ನಿನವು ಉಳಿದಿದ್ದದ್ದು ಎರಡೇ, ಒತೀಲಿಯಾ ತಮ್ಮ ಬಿಯರಿಗೆ ಇಟ್ಟುಕೊಂಡವು. ಅವನ್ನು ಯಾರು ಎಷ್ಟು ಕೇಳಿದರೂ ಕೊಟ್ಟಿರಲಿಲ್ಲ. ಈಗ ಎರಡನ್ನೂ ರೋಕೆಗೆ ಕೊಡಲೆಂದು ಅವುಗಳ ಮುಚ್ಚಳ ತೆಗೆದು, ರೋಕೆಯ ಹಳೆಯ ಪೀಪಾಯಿಗಳ ಉಂಗುರವಿರುವ ಮುಚ್ಚಳ ಕೂರಿಸಿದ್ದಾರೆ. ಡ್ರಾಯರಿನಲ್ಲಿದ್ದ ಕೊನೆಯ ಹೊಸ ವಾಷರುಗಳನ್ನೂ ಹಾಕಿದ್ದಾರೆ. ತಿಂಗಳ ಹಿಂದೆ ರೋಕೆಯ ಮನೆಗೆ ಹೋಗಿ, "ನನಗೆ ನಿನ್ನ ಕಪ್ಪು ಬಿಯರ್ ಬೇಕು, ಒಲೆ ಹಚ್ಚು" ಎಂದು ಗದರಿಸಿ ಮಾಡಿಸಿ ತಂದ ಬಿಯರು ಬೆಂಚಿನ ಮೇಲಿನ ಈ ಪೀಪಾಯಿಯಲ್ಲೇ ತುಂಬಿದೆ. ಇವತ್ತು ಶನಿವಾರ, ಅದನ್ನು ಹೊತ್ತುಕೊಂಡು ಹೋಗುವ ದಿನ.

ಮಧ್ಯಾಹ್ನ ರೋಕೆಯ ಅಂಗಳದಲ್ಲಿ ಕುರಿಯ ಪಕ್ಕೆ ಕೆಂಡದ ಮೇಲೆ ಬೇಯುತ್ತಿದೆ. ದಾರ್ಡೊ ಪೀಪಾಯಿಯನ್ನು ಮೇಜಿಗೆ ಏರಿಸಿ, ಅಭ್ಯಾಸಬಲದಿಂದ ಪೈಪಿಗೆ ಕೈ ಹಾಕುತ್ತಾನೆ. ಒತೀಲಿಯಾ ಅವನ ಕೈಗೆ ಪಟ್ ಎಂದು ಹೊಡೆಯುತ್ತಾರೆ. "ನೀನು ಮಾಂಸ ನೋಡ್ಕೊ ಹೋಗು."

ರೋಕೆ ಪೀಪಾಯಿಯ ಮೈ ಸವರುತ್ತಾರೆ. "ನಂದು ಉದ್ದ ಇತ್ತು. ಇದು ನಿನ್ನ ಥರ ಕುಳ್ಳಿ. ಇದು ನಿಂದಲ್ವೇನೇ?"

"ಬಾಯ್ಮುಚ್ಕೊಂಡು ಎಣಿಸು, ಮಾರಾಯ."

ಬೆರಳು ಮೊದಲ ಮೂತಿಯ ಸುತ್ತ ಹೋಗುತ್ತದೆ. ಎರಡು. ಮುಂದಿನದು. ಮೂರು. ರೋಕೆ ನಿಲ್ಲುತ್ತಾರೆ, ಮತ್ತೆ ಎಣಿಸುತ್ತಾರೆ. ಅವರ ಮುಖ ಬದಲಾಗುವುದನ್ನು ನೋಡಲಾಗದೆ ಒತೀಲಿಯಾ ಕೆಂಡದ ಕಡೆ ತಿರುಗಿ ನಿಲ್ಲುತ್ತಾರೆ. ಒಂದು ಟೋಪಿ ಕೂತ ಸದ್ದು. ಇನ್ನೊಂದು. ಆಮೇಲೆ ಲೋಟಕ್ಕೆ ಬಿಯರು ಬೀಳುವ ಸದ್ದು. ರೋಕೆ ಲೋಟದಂಚಿನಲ್ಲಿಟ್ಟ ಬೆರಳಿಗೆ ನೊರೆ ತಾಗಿದ ಕ್ಷಣಕ್ಕೆ ಸರಿಯಾಗಿ ನಲ್ಲಿ ನಿಲ್ಲಿಸುತ್ತಾರೆ. ಒಂದು ಹನಿಯೂ ಚೆಲ್ಲಿಲ್ಲ.

ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದರೆ ಒತೀಲಿಯಾ ಎಡಗಣ್ಣು ಉಜ್ಜಿಕೊಳ್ಳುತ್ತಾರೆ. ಅವರಿಗೂ ಈಚೆಗೆ ಸಂಜೆಯಾದರೆ ಸಣ್ಣ ವಾಷರ್ ಕಾಣುವುದಿಲ್ಲ, ಎಡಗಣ್ಣು ಮಂಜು. ಅವರು ರೋಕೆಯ ಕಡೆ ತಿರುಗುತ್ತಾರೆ.

"ನಂಗೂ ಕಣ್ಣು ಹೋಯ್ತು ಅಂದ್ರೆ, ಎರಡು ಪೀಪಾಯಿಲಿ ಒಂದು ವಾಪಸ್ ಕೊಡ್ತೀಯೇನೋ?"

"ಕೊಡಲ್ಲ" ಎಂದು ರೋಕೆ ಇನ್ನೊಂದು ಲೋಟಕ್ಕೆ ಕೈ ಚಾಚುತ್ತಾರೆ. "ನೀನೇ ಇಲ್ಲಿಗೆ ಬಾ. ನಾನು ಹಾಕಿಕೊಡ್ತೀನಿ."