ಫೆವ್ರೋನಿಯಾ ನೋಡಿದ ನದಿ

"ಹಲೋ... ಅಲ್ಲಿ ಯಾರಾದ್ರೂ ಇದೀರಾ? ಬೀಪ್ ಅಂದಮೇಲೆ ಮಾತಾಡಿ ಅಂತು, ಮಾತಾಡ್ತಿದೀನಿ. ನಮ್ಮ ರೇಡಿಯೋಕ್ಕೆ ಕೊಡ್ತಿದ್ದ ದುಡ್ಡನ್ನ ನೀವು ವಾಷಿಂಗ್ಟನ್ನಲ್ಲಿ ಕೂತು ನಿಲ್ಲಿಸಿದಿರಂತೆ. ನಿಮ್ಮ ಕಡೆ ಊರೂರಿಗೂ ರಸ್ತೆ ಇರಬಹುದು. ನಮಗೆ ನದೀನೇ ರಸ್ತೆ. ಬೇಸಿಗೇಲಿ ದೋಣಿ, ಚಳೀಲಿ ಅದೇ ನೀರು ಹೆಪ್ಪುಗಟ್ಟಿ, ಅದರ ಮೇಲೆ ಓಡೋ ಸ್ನೋ ಮಷೀನು ಗಾಡಿ. ಅಡೀಲಿ ನೀರು ಹರೀತಾನೇ ಇರುತ್ತೆ, ಮೇಲಿಂದ ನೋಡಿದ್ರೆ ಎಲ್ಲಾ ಒಂದೇ ಬಿಳುಪು. ಎಲ್ಲಿ ಗಟ್ಟಿ, ಎಲ್ಲಿ ಟೊಳ್ಳು ಅಂತ ಬೆಳಿಗ್ಗೆ ರೇಡಿಯೋದಲ್ಲಿ ಒಲಿಂಕಾ ನಮ್ಮ ಮಾತಲ್ಲೇ ಹೇಳೋಳು. ಅದನ್ನ ಕೇಳಿಕೊಂಡೇ ಗಂಡಸರು ಬೂಟು ಹಾಕ್ತಿದ್ದದ್ದು. ಈಗ ಅವಳನ್ನ ಮನೆಗೆ ಕಳಿಸಿದಾರೆ. ಆ ಹೊತ್ತಿಗೆ ಯಾವುದೋ ದೂರದೂರಿನ ಹಾಡು ಬರುತ್ತೆ. ಹಾಡು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ನಂಗೆ ಹೆದರಿಕೆ ಆಗುತ್ತೆ. ನೀವೂ ಯಾರೋ ತಾಯಿ ಹೆತ್ತ ಮಕ್ಕಳೇ ಅಲ್ವಾ? ಸರಿ, ಇಡ್ತೀನಿ."

ನನ್ನ ನಾದಿನಿ ಫೆವ್ರೋನಿಯಾ ಇದಿಷ್ಟನ್ನೂ ಅಡುಗೆಮನೆಯ ಫೋನಿನಲ್ಲಿ, ನಮ್ಮ ಯೂಪಿಕ್ ಮಾತಿನಲ್ಲೇ, ಒಬ್ಬ ಸೆನೆಟರನ ಕಚೇರಿಗೆ ಹೇಳಿದಳು. ಕೇಳುಗರೆಲ್ಲ ಫೋನು ಮಾಡಿ ನಿಮ್ಮ ಕಷ್ಟ ಹೇಳಿ ಎಂದು ರೇಡಿಯೋದವರು ಕೇಳಿಕೊಂಡಿದ್ದರು. ಅವಳ ತಮ್ಮ, ನನ್ನ ಮೈದುನ ವಸಿಲೀ ಪಕ್ಕದಲ್ಲೇ ಒಣಮೀನು ಅಗಿಯುತ್ತ ಕೂತಿದ್ದ.

"ಅಕ್ಕಾ, ಹೆಸರೂ ಹೇಳ್ಲಿಲ್ಲ, ಊರೂ ಹೇಳ್ಲಿಲ್ಲ. ಆ ಪುಣ್ಯಾತ್ಮ ಯಾರಿಗೆ ಉತ್ತರ ಕೊಡ್ಬೇಕು? ನದಿಗಾ?"

"ಹೆಸರು ಹೇಳ್ಕೊಂಡು ಮೆರೆಯೋಕೆ ನಾನೇನು ಮದುವಣಗಿತ್ತೀನಾ? ಸುಮ್ನೆ ತಿನ್ನು."

ಫೆವ್ರೋನಿಯಾ ಹೀಗೆಯೇ. ಕುಸ್ಕೊಕ್ವಿಮ್ ನದಿ ಹೆಪ್ಪುಗಟ್ಟಲು ಶುರುವಾದ ದಿನದಿಂದ ಬೆಳಗಾದರೆ ಕಬ್ಬಿಣದ ಮೊನೆಯ ಕೋಲು ಹಿಡಿದು ನಮ್ಮೂರ ತಿರುವಿನವರೆಗೆ ಹೋಗಿಬರುವಳು. ಹೆಜ್ಜೆಗೊಮ್ಮೆ ಕುಟ್ಟುವಳು, ಸದ್ದಿಗೆ ಕಿವಿಗೊಡುವಳು. ಅವಳ ಅಪ್ಪ ಆ ತಿರುವಿನಲ್ಲೇ ನಾಯಿಬಂಡಿಯ ಸಮೇತ ಮುಳುಗಿಹೋದವನು. ಕೋಲು ಹಾಕಿ ಬಂದವಳೇ ಪಟ್ಟಣದ ಒಲಿಂಕಾಗೆ ಫೋನು ಮಾಡುತ್ತಿದ್ದಳು. ಒಲಿಂಕಾ ಅದನ್ನು "ತಿರುವಿನ ಊರಿನವರು ಹೇಳ್ತಾರೆ" ಎಂದಷ್ಟೇ ಓದುವಳು. ಒಲಿಂಕಾಳ ಬಾಯಿಂದ ಬಂತೆಂದರೆ ನದಿಯುದ್ದಕ್ಕೂ ಯಾರೂ ಮರುಮಾತಾಡುತ್ತಿರಲಿಲ್ಲ. ಫೆವ್ರೋನಿಯಾಗೂ ಅದೇ ಹಿತ. ನಾನು ಬಲ್ಲೆ ಎಂದು ಜಂಬಪಟ್ಟರೆ ನದಿ ಕೇಳಿಸಿಕೊಳ್ಳುತ್ತದೆ ಎನ್ನುವಳು.

ನವೆಂಬರಿನಲ್ಲಿ ವಸಿಲೀ ಹಲ್ಲು ಕೀಳಿಸಲು ಪಟ್ಟಣಕ್ಕೆ ಹೋದ. ಅವನು ವಾಪಸು ಬರಬೇಕಾದ ದಿನ ಬೆಳಿಗ್ಗೆ ಫೆವ್ರೋನಿಯಾ ತಿರುವಿನಿಂದ ಬಂದವಳು ಬಾಗಿಲಲ್ಲೇ ನಿಂತಳು.

"ಅತ್ತಿಗೆ, ನಿನ್ನೆ ಕಲ್ಲಿನ ಹಾಗಿತ್ತು. ಇವತ್ತು ಎರಡನೇ ಏಟಿಗೇ ಕೋಲು ಒಳಗೆ ಹೋಯ್ತು. ಅಡಿಯಿಂದ ಸೆಳವು ತಿಂದುಬಿಟ್ಟಿದೆ. ಮೇಲೆ ಹೊಸ ಹಿಮ ಮುಚ್ಚಿದೆ, ಏನೂ ಕಾಣಲ್ಲ."

ರೇಡಿಯೋದ ನಂಬರಿಗೆ ಮಾಡಿದಳು. ಯಂತ್ರ ಇಂಗ್ಲಿಷಿನಲ್ಲಿ ಏನೋ ಹೇಳಿ ಸುಮ್ಮನಾಯಿತು. ದಾರಿಯಲ್ಲಿರುವ ವಸಿಲೀಗೆ ಫೋನು ಮುಟ್ಟದು. ನಮ್ಮೆಲ್ಲರ ಮನೆಯ ಗೋಡೆಗೂ ಒಂದೊಂದು ವೈರ್‌ಲೆಸ್ ಇದೆ. ಅದು ನದಿ ಹರಿದುಬರುವ ಕಡೆಯ ಮೇಲಿನ ಊರಿನವರೆಗೆ ಮುಟ್ಟುತ್ತದೆ, ಅದರಾಚೆಗಿಲ್ಲ. ಅಲ್ಲಿ ಜಕರ್ ಎಂಬವನ ಮನೆ. ಪಟ್ಟಣದಿಂದ ಬರುವವರು ಚಹಾಕ್ಕೆ ನಿಲ್ಲುವುದೇ ಅಲ್ಲಿ.

"ಜಕರ್, ವಸಿಲೀ ಬಂದ್ರೆ ತಿರುವಿನ ಮೇಲೆ ಬರ್ಬೇಡ, ದಡದ ದಾರಿ ಹಿಡಿ ಅಂತ ಹೇಳು. ನಾನು ಅಂತ ಮಾತ್ರ ಹೇಳ್ಬೇಡ. ಅಕ್ಕ ಹೆದರುಪುಕ್ಲಿ ಅಂತ ನಕ್ಕು ಬಂದೇಬಿಡ್ತಾನೆ."

"ಆಯ್ತು. ಹೇಳಲ್ಲ."

ನಾನು ಹಿಟ್ಟು ನಾದಲು ಕೂತೆ. ಅವಳು ಕೂರಲಿಲ್ಲ, ಕಿಟಕಿಗೂ ವೈರ್‌ಲೆಸ್ಸಿಗೂ ಓಡಾಡಿದಳು. ಗಾಳಿ ಎದ್ದಿತ್ತು. ಕೊನೆಗೆ ಗೋಡೆಯ ವೈರ್‌ಲೆಸ್ ಗೊರಗೊರ ಎಂದಿತು.

"ಫೆವ್ರೋನಿಯಾ, ಬಂದಿದ್ದ. ಹೇಳಿದೆ. ಯಾರು ನೋಡಿದ್ದು ಅಂದ. ನಾನಂತೂ ನೋಡಿಲ್ಲ, ನೋಡಿದೋರ ಹೆಸರು ಹೇಳೋ ಹಾಗಿಲ್ಲ ಅಂದೆ. ಹಾಗಾದ್ರೆ ಯಾರೂ ನೋಡಿಲ್ಲ ಬಿಡು ಅಂತ ನಕ್ಕ. ಹೊರಟುಬಿಟ್ಟ."

ಜಕರನದು ತಪ್ಪೆನ್ನಲಾರೆ. ಕಣ್ಣಾರೆ ಕಾಣದ್ದನ್ನು ಕಂಡೆ ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಕಂಡವರು ಯಾರೆಂದು ಗೊತ್ತಿಲ್ಲದ ಮಾತು ನಮಗೆ ಮಾತೇ ಅಲ್ಲ. ಒಲಿಂಕಾ ಇದ್ದಾಗ ಅವಳ ದನಿಯೇ ಸಾಕ್ಷಿಯಾಗಿತ್ತು. ಆ ದನಿಯ ಜೊತೆ ಸಾಕ್ಷಿಯೂ ಹೋಯಿತು ಎನ್ನುವುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ.

ಫೆವ್ರೋನಿಯಾ ಕೋಲು ತೆಗೆದುಕೊಂಡಳು. ನಾನು ದಾರಿಯ ಗುರುತಿಗೆಂದು ಅಂಗಳದಲ್ಲಿಟ್ಟಿದ್ದ ವಿಲೋ ಗಿಡದ ಕಡ್ಡಿಗಳ ಕಟ್ಟನ್ನು ಬೆನ್ನಿಗೆ ಹಾಕಿಕೊಂಡೆ. ದಡದ ಮೇಲಿಂದಲೇ ತಿರುವನ್ನು ಬಳಸಿ, ವಸಿಲೀ ಬರುವ ಕಡೆಯ ಬದಿಯಲ್ಲಿ ನದಿಗೆ ಇಳಿದೆವು.

"ನನ್ನ ಹೆಜ್ಜೆ ಮೇಲೇ ಹೆಜ್ಜೆ ಇಡು ಅತ್ತಿಗೆ. ಮಾತಾಡ್ಬೇಡ."

ಅವಳು ಕುಟ್ಟುವಳು, ನಿಲ್ಲುವಳು, ಮತ್ತೆ ಕುಟ್ಟುವಳು. ಟಣ್ ಎಂಬ ಸದ್ದು ಟಪ್ ಎಂದಾದ ಕಡೆ ಕೈ ಎತ್ತಿದಳು. ಅಲ್ಲಿಂದ ಸಾಕಷ್ಟು ಹಿಂದೆ ಬಂದು ದಾರಿಗೆ ಅಡ್ಡಲಾಗಿ ಕಡ್ಡಿ ನೆಟ್ಟೆವು. ಗಾಳಿ ಒಂದನ್ನು ಬೀಳಿಸಿದರೆ ಇನ್ನೊಂದು. ನನ್ನ ಕಾಲಡಿಯಲ್ಲಿ ಏನೋ ನರಳಿದಂತಾಯಿತು. ನದಿಯೋ, ನನ್ನ ಮೊಣಕಾಲೋ, ತಿಳಿಯಲಿಲ್ಲ.

ಮಷೀನಿನ ಸದ್ದು ಕೇಳಿಸಿತು. ನಿಂತುಹೋಯಿತು. ಹಿಮದ ದೂಳಿನಲ್ಲಿ ಏನೂ ಕಾಣದು. ನಮಗೆ ಗೊತ್ತಾಗದ ಹಾಗೆ ದಾಟಿ ಮುಂದೆ ಹೋಗಿಬಿಟ್ಟನೇ? ಫೆವ್ರೋನಿಯಾ ತುಟಿ ಅಲ್ಲಾಡಿಸುತ್ತಿದ್ದಳು. ಆಮೇಲೆ ಒಮ್ಮೆಲೇ ಬೆಳಕು, ಬಹಳ ಹತ್ತಿರದಲ್ಲಿ. ಅವಳು ಕೋಲನ್ನು ಎರಡೂ ಕೈಯಲ್ಲಿ ಎತ್ತಿ ದಾರಿಯ ನಡುವೆ ನಿಂತು ಚೀರಿದಳು. ಮಷೀನು ಜಾರಿ, ಅಡ್ಡ ತಿರುಗಿ, ಕಡ್ಡಿಗಳನ್ನು ಮುರಿದು ನಿಂತಿತು.

ವಸಿಲೀಯ ಒಂದು ಕೆನ್ನೆ ಊದಿತ್ತು. "ಇಬ್ರು ಮುದುಕೀರೂ ಇಲ್ಲಿ ಗಿಡ ನೆಡ್ತಿದೀರಾ?"

ಫೆವ್ರೋನಿಯಾ ಹೊಟ್ಟೆಯ ಮೇಲೆ ಮಲಗಿ, ಟಪ್ ಎಂದಿದ್ದ ಕಡೆಗೆ ತೆವಳಿ, ಕೈ ಚಾಚಿ, ಕೋಲಿನಿಂದ ಮುಂದಕ್ಕೆ ಗುದ್ದಿದಳು. ಹಿಮ ಕುಸಿದು ಕರಿಯ ನೀರು ಮೇಲೆ ಬಂತು, ಹೊಗೆಯಾಡಿತು. ವಸಿಲೀ ಮಷೀನಿನ ಮೇಲೆಯೇ ಕೂತುಬಿಟ್ಟ.

"ನಿನ್ನ ಹೆಸರು ಹೇಳಿದ್ರೆ ನಿಲ್ತಿದ್ದೆ ಅಕ್ಕಾ. ಹೆದರುಪುಕ್ಲಿ ನಿಜ. ಸುಳ್ಳು ಹೇಳಿದೋಳಲ್ಲ."

ಮರುದಿನ ಬೆಳಿಗ್ಗೆ, ಒಲಿಂಕಾ ಮಾತಾಡುತ್ತಿದ್ದ ಹೊತ್ತಿಗೆ, ಫೆವ್ರೋನಿಯಾ ವೈರ್‌ಲೆಸ್ ಹಿಡಿದಳು.

"ನಾನು ಫೆವ್ರೋನಿಯಾ. ತಿರುವಿನಲ್ಲಿ ಕೋಲು ಹಾಕಿ ನಾನೇ ನೋಡಿದೀನಿ. ಟೊಳ್ಳು. ದಡದ ದಾರೀಲಿ ಬನ್ನಿ."

"ಫೆವ್ರೋನಿಯಾ ನೋಡಿದಾಳೆ," ಎಂದು ಜಕರ್ ತನ್ನೂರಿಗಿಂತ ಮೇಲಿನ ಊರಿಗೆ ದಾಟಿಸಿದ. "ನಮ್ಮೂರ ಮುಂದಿನದ್ದು ನಾನು ನೋಡಿದೀನಿ. ಗಟ್ಟಿ."

ಅಂದಿನಿಂದ ದಿನವೂ ಊರಿಂದೂರಿಗೆ ಮಾತು ಹೀಗೆ ಕಂಡವರ ಹೆಸರಿನ ಜೊತೆ ಸಾಗುತ್ತಿದೆ. ಆದರೆ ಸಮುದ್ರದ ಕಡೆಯ ಊರುಗಳು ದೂರ ದೂರ. ಅಲ್ಲಿಗೆ ವೈರ್‌ಲೆಸ್ ಮುಟ್ಟದು, ಅವರಿಗೆ ಈಗಲೂ ಹಾಡೇ. ದುಡ್ಡು ಬಾರದಿದ್ದರೆ ಆ ಹಾಡೂ ನಿಲ್ಲಬಹುದಂತೆ. ವಸಂತದಲ್ಲಿ ನದಿ ಒಡೆದು ನೆರೆ ಬಂದಾಗ ಯಾರು ಎಲ್ಲರಿಗೂ ಕೂಗಿ ಹೇಳುವವರು? ಫೆವ್ರೋನಿಯಾ ಸೆನೆಟರನ ಕಚೇರಿಗೆ ವಾರವಾರವೂ ಫೋನು ಮಾಡುತ್ತಾಳೆ, ಹೆಸರು ಹೇಳಿ, ಊರು ಹೇಳಿ. ಯಂತ್ರವೇ ಎತ್ತುತ್ತದೆ.

ಇವತ್ತೂ ಮಾಡಿದಳು. ಫೋನಿಟ್ಟಳು. ಆಮೇಲೆ ಹೆಪ್ಪುಗಟ್ಟಿದ ಮೀನೊಂದನ್ನು ಹಲಗೆಯ ಮೇಲಿಟ್ಟು, ಬಾಗುಕತ್ತಿಯಿಂದ ಸಾರಿಗೆ ತುಂಡು ಮಾಡತೊಡಗಿದಳು.