ತೆಂಗಿನಕಾಯಿಗೆ ಎರೆದ ಧಾರೆ

ಗಂಡು ಬಂಗಾರಪೇಟೆಯವನು, ನಾನು ಉರಿಗಾಂನವಳು. ನಡುವೆ ಒಂದು ಬಸ್ಸಿನ ದಾರಿ. ಆದರೂ ನಮ್ಮ ಮದುವೆ ಮಸ್ಕತ್ತಿನಲ್ಲಿ ನಡೆಯುವುದೆಂದು ನಿಶ್ಚಯವಾಯಿತು. ಅವನು ಅಲ್ಲಿ ಕ್ರೇನ್ ರಿಪೇರಿಯ ಕೆಲಸಕ್ಕೆ ಆಗಷ್ಟೇ ಸೇರಿದ್ದ. ಮದುವೆಗೆಂದು ಊರಿಗೆ ಹೋದರೆ ಮತ್ತೆ ಸೇರಿಸಿಕೊಳ್ಳುವುದಿಲ್ಲ ಎಂದಿದ್ದರಂತೆ. ಎಂಬತ್ತರ ದಶಕದ ಮಾತು. ಪರದೇಶದಲ್ಲಿ ಮದುವೆ ಅಂದರೆ ಆಗ ಶ್ರೀಮಂತರ ಶೋಕಿಯಾಗಿರಲಿಲ್ಲ, ರಜೆ ಸಿಗದವರ ಪಾಡಾಗಿತ್ತು. ಅಲ್ಲೊಂದು ಗುಡಿಯಿದೆ, ಪುರೋಹಿತರಿದ್ದಾರೆ, ಆದರೆ ವೀಸಾ ಸಿಗುವುದು ಹುಡುಗಿಯೊಬ್ಬಳಿಗೇ ಎಂದು ಅವನು ಹೇಳಿಕಳಿಸಿದ.

ಯಾರೂ ಕಾಣದ ಊರಿನ ಮದುವೆಗೆ ನಮ್ಮ ಗಣಿ ಕ್ವಾರ್ಟರ್ಸಿನ ಜಗುಲಿಯಲ್ಲಿ ಏರ್ಪಾಟು ಶುರುವಾಯಿತು. ಕ್ಯಾಸಂಬಳ್ಳಿಯಿಂದ ಬಂದ ದೊಡ್ಡಪ್ಪನಿಗೆ ಚಪ್ಪರದ್ದೇ ಚಿಂತೆ. "ಅಲ್ಲೆಲ್ಲಾ ಬರೀ ಮರಳಂತಲ್ಲಾ, ಆಲುಗಂಬ ನಿಲ್ತದೇನ್ಲಾ?" ಎಂದು ಅಪ್ಪನನ್ನು ಕೇಳಿದ. ಅಮ್ಮ ಮಾವಿನೆಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಎಷ್ಟು ದಿನ ಹಸಿರಾಗಿರುತ್ತದೆಂದು ನೋಡುತ್ತಿದ್ದಳು. ನನಗೆ ನಗು ಬರುತ್ತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದರಂತೆ, ಇವರದು ಅದೇ ಕಥೆ.

ನಗು ನಿಂತದ್ದು ಧಾರೆಯ ಮಾತು ಬಂದಾಗ. ಧಾರೆ ಎರೆಯಲು ಗಂಡಹೆಂಡಿರ ಜೋಡಿ ಬೇಕು. ಅಲ್ಲಿರುವ ಕರಾವಳಿ ಕಡೆಯ ದಂಪತಿಗಳು ಅಪ್ಪ ಅಮ್ಮನ ಜಾಗದಲ್ಲಿ ನಿಲ್ಲುತ್ತಾರೆ ಎಂದು ಗಂಡಿನ ಕಡೆಯವರು ಹೇಳಿದ್ದೇ ತಡ, ಅಪ್ಪ ಎದ್ದು ನಿಂತ. "ನನ್ನ ಮಗಳ್ನ ಯಾವನೋ ಧಾರೆ ಎರ್ದು ಕೊಡಾಕೆ ನಾನೇನ್ ಸತ್ತೋಗಿವ್ನಾ?" ಎಂದ. ಎಷ್ಟೋ ವರ್ಷ ಗಣಿಯ ಪಾಳಿ ಮಾಡಿದ ಅವನಿಗೆ ನಾನೊಬ್ಬಳೇ ಮಗಳು. ನನ್ನನ್ನು ತನ್ನ ಕೈಯಾರೆ ಕೊಡಬೇಕೆಂಬುದು ಬಿಟ್ಟರೆ ಅವನು ಬೇರೇನನ್ನೂ ಆಸೆಪಟ್ಟದ್ದು ನಾನು ಕಂಡಿಲ್ಲ. ನನಗೂ ಅದೇ ಬೇಕಿತ್ತು.

ಕೊನೆಗೆ ಹಿರಿಯರು ಒಂದು ದಾರಿ ಹುಡುಕಿದರು. ಗಂಡಿನ ಬದಲು ಕಳಶದ ಮೇಲೊಂದು ತೆಂಗಿನಕಾಯಿ ಇಟ್ಟು ಧಾರೆಯನ್ನು ಇಲ್ಲೇ ಎರೆಯುವುದು, ತಾಳಿ ಮಾತ್ರ ಅಲ್ಲಿ ಕಟ್ಟಿಸುವುದು. ಮನೆ ಮುಂದೆ ಚಪ್ಪರ ಹಾಕಿದರು. ಅಪ್ಪ ಅಮ್ಮ ನನ್ನ ಕೈ ಹಿಡಿದು ಕಾಯಿಯ ಮೇಲೆ ಇಟ್ಟರು, ಹಾಲು ನೀರು ಹುಯ್ದರು. ಅಪ್ಪನ ಕಣ್ಣು ತುಂಬಿತ್ತು. ನನ್ನ ಅಂಗೈಗೆ ಕಾಯಿಯ ನಾರು ಚುಚ್ಚುತ್ತಿತ್ತು.

ಎಡವಟ್ಟಾದದ್ದು ಆಮೇಲೆ. ಧಾರೆಯಾದ ಹೆಣ್ಣು ತವರಿನವಳಲ್ಲ. ಹಾಗಾದರೆ ಎಲ್ಲಿಯವಳು? "ತಾಳಿ ಇಲ್ದೆ ಎಂಗಮ್ಮಾ ಮನೆ ತುಂಬಿಸ್ಕೊಳ್ಳೋದು?" ಎಂದು ಬಂಗಾರಪೇಟೆಯ ಅತ್ತೆ ಊಟ ಮುಗಿಸಿ ಹೊರಟುಹೋದರು. ವೀಸಾ ಇಂದು ಬರುತ್ತದೆ, ನಾಳೆ ಬರುತ್ತದೆ ಎಂದು ತಿಂಗಳುಗಳೇ ಕಳೆದವು. ಅಷ್ಟೂ ದಿನ ನಾನು ಹುಟ್ಟಿದ ಮನೆಯಲ್ಲೇ ನೆಂಟಳು. ಕಸಪೊರಕೆ ಹಿಡಿದರೆ ಅಮ್ಮ ಕಿತ್ತುಕೊಳ್ಳುತ್ತಿದ್ದಳು. ದೇವರ ದೀಪ ಹಚ್ಚಲು ಹೋದರೆ, "ನೀನು ಅಚ್ಬಾರ್ದು ಕಣಮ್ಮಾ, ಕೊಟ್ಟ ಎಣ್ಣು" ಎನ್ನುತ್ತಿದ್ದಳು. ನನಗೆ ಮೊದಲು ಬಡಿಸಿ, ಬಲವಂತ ಮಾಡಿ ಇಕ್ಕುತ್ತಿದ್ದಳು. ಒಂದು ದಿನ ತಟ್ಟೆ ತಳ್ಳಿ, "ನನ್ನನ್ನು ಬೈಯಮ್ಮಾ, ಮೊದಲಿನ ಹಾಗೆ ಬೈಯಿ" ಎಂದು ಕೂಗಾಡಿದೆ. ಅವಳು ಬೈಯಲಿಲ್ಲ. ಅಷ್ಟು ಜನರ ನಡುವೆ ಅಷ್ಟು ಒಂಟಿಯಾಗಿ ನಾನು ಹಿಂದೆಂದೂ ಇರಲಿಲ್ಲ.

ಆ ನಡುವೆ ಅಜ್ಜಿ ತೀರಿಕೊಂಡಳು. ನನ್ನನ್ನು ತೊಡೆಯ ಮೇಲೆ ಹಾಕಿಕೊಂಡು ಬೆಳೆಸಿದ ಅಪ್ಪನ ತಾಯಿ. ಮನೆಯಲ್ಲಿ ಸಾವಾದರೆ ಒಂದು ವರ್ಷ ಶುಭಕಾರ್ಯ ಇಲ್ಲ. ಆದರೆ ನಾನು ಆಗಲೇ ಕೊಟ್ಟ ಹೆಣ್ಣಲ್ಲವೇ, ಹೆಣವನ್ನಾಗಲಿ ಸೂತಕದವರನ್ನಾಗಲಿ ಮುಟ್ಟದಿದ್ದರೆ ನನ್ನ ಮದುವೆ ನಿಲ್ಲಬೇಕಾಗಿಲ್ಲ ಎಂದು ಹಿರಿಯರು ತೀರ್ಮಾನಿಸಿದರು. ಧಾರೆ ಮೊದಲೇ ಎರೆದದ್ದು ಎಂಥಾ ಒಳ್ಳೇದಾಯಿತು ಎಂದು ಅಪ್ಪನನ್ನು ಹೊಗಳಿದರು. ನಾನು ಅಜ್ಜಿಯ ಕಡೆ ಓಡಿದಾಗ ಅಪ್ಪನೇ ಅಡ್ಡ ಬಂದ. "ಮುಟ್ಬೇಡ ಕಣಮ್ಮಾ, ನಿನ್ ಮದ್ವೆ ನಿಂತೋಯ್ತದೆ" ಎಂದ. ಪಕ್ಕದ ತಮಿಳರ ಮನೆಗೆ ನನ್ನನ್ನು ಕಳಿಸಿದರು. ಗೋಡೆಯಾಚೆ ನಮ್ಮವರೆಲ್ಲ ಸೇರಿ ಅಳುತ್ತಿದ್ದರು. ಈಚೆ ನಾನೊಬ್ಬಳೇ ಅಳುತ್ತಿದ್ದೆ. "ಅಳಾದೇಮ್ಮಾ, ಅಳಬೇಡ" ಎಂದು ಆ ಮನೆಯ ಅಕ್ಕ ಕಾಫಿ ತಂದಿಟ್ಟರು.

ತಿಥಿ ಆಗುವ ಮುಂಚೆಯೇ ವೀಸಾ ಬಂತು. ಸೂತಕದವರು ನನ್ನನ್ನು ಮುಟ್ಟುವ ಹಾಗಿಲ್ಲ. ಆರತಿಯಿಲ್ಲ, ಮಡಿಲಕ್ಕಿಯಿಲ್ಲ. ಅಮ್ಮ ಬಾಗಿಲಲ್ಲೇ ನಿಂತು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಬೊಂಬಾಯಿಯವರೆಗೆ ನನ್ನ ಜೊತೆ ಬಂದದ್ದು ಆ ತಮಿಳರ ಮನೆಯ ಅಣ್ಣ. ಅಪ್ಪ ಬಂಗಾರಪೇಟೆ ಸ್ಟೇಷನ್ನಿಗೆ ಬಂದ, ಆದರೆ ಒಂದು ಮಾರು ದೂರದಲ್ಲೇ ನಿಂತ. ರೈಲು ಅಲುಗಿದಾಗ ಕೈ ಮುಂದೆ ಚಾಚಿದ, ಏನೋ ನೆನಪಾದವನಂತೆ ಹಿಂದಕ್ಕೆ ಎಳೆದುಕೊಂಡ. "ಓಗ್ಬಾರಮ್ಮಾ" ಎಂದ. ಹಾಳು ಶಾಸ್ತ್ರ ಎಂದು ಬಾಯಿತುದಿಗೆ ಬಂದಿತ್ತು, ನುಂಗಿಕೊಂಡೆ.

ಮಸ್ಕತ್ತಿನ ಗುಡಿಯಲ್ಲಿ ಆ ಕರಾವಳಿಯ ದಂಪತಿಗಳು ರೇಷ್ಮೆಯುಟ್ಟು ಕಾದಿದ್ದರು. ನಾನು ಅವರ ಮುಖವನ್ನೇ ಕಂಡಿರಲಿಲ್ಲ. ಪುರೋಹಿತರು ನನ್ನ ಕಡೆ ತಿರುಗಿ, "ಧಾರೆ ನಿಮ್ಮ ತಂದೆಯವರೇ ಎರೆದಿದ್ದಾರಂತಲ್ಲಮ್ಮಾ, ಮತ್ತೆ ಬೇಡ ತಾನೆ?" ಎಂದರು. ಆ ಹೆಂಗಸು ಸಂಕೋಚದಿಂದ ಹಿಂದೆ ಸರಿದರು. ಅಪ್ಪ ಜಗುಲಿಯಲ್ಲಿ ಎದ್ದು ನಿಂತು ಆಡಿದ ಮಾತು ನನಗೆ ಚೆನ್ನಾಗಿ ನೆನಪಿತ್ತು.

"ಎರೀಲಿ" ಎಂದೆ.

ಅವರಿಬ್ಬರೂ ನನ್ನ ಕೈ ಹಿಡಿದು ನೀರು ಬಿಟ್ಟರು. ಆ ಸಲ ನನ್ನ ಕೈಯ ಕೆಳಗೆ ಇನ್ನೊಂದು ಕೈ ಇತ್ತು.